ಗುದದ್ವಾರವಿಲ್ಲದೆ ಹುಟ್ಟಿ ಆಪರೇಷನ್ ಆದವರಿಗೆ ದೊಡ್ಡವರಾದ ಮೇಲೂ ಭಯ ಯಾಕೆ ಹೋಗುವುದಿಲ್ಲ?

ಹುಟ್ಟಿದಾಗಲೇ ಆಪರೇಷನ್ ಆಗಿದೆ, ಎಲ್ಲಾ ಸರಿಯಾಗಿದೆ ಅಂತ ಡಾಕ್ಟರ್ ಹೇಳಿದ್ದಾರೆ, ಆದರೂ ಮನೆಯಿಂದ ಹೊರಡುವಾಗ ಎದೆ ಡವಡವ ಅನ್ನುತ್ತದೆ, ಯಾರನ್ನೂ ಹತ್ತಿರ ಸೇರಿಸೋಕೆ ಆಗುತ್ತಿಲ್ಲ, ನನ್ನ ಮನಸ್ಸೇ ದುರ್ಬಲವಾ ಎಂದು ಕೇಳಿದ್ದೀರಿ. ನಾನೂ ಹಾಗೆಯೇ ಹುಟ್ಟಿದವನು. ನಿಮ್ಮ ಮನಸ್ಸು ದುರ್ಬಲವಾಗಿಲ್ಲ. ಇಷ್ಟು ವರ್ಷ ಕಾವಲು ಕಾದು ಕಾದು ದಣಿದಿದೆ.

ಸುಮಾರು 5,000 ಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆಯೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ನಮ್ಮಂಥವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಲ ಸೋರುವ ವಿಷಯ ಯಾರ ಹತ್ತಿರ ಬಾಯಿಬಿಟ್ಟು ಹೇಳೋದು, ಅಲ್ವಾ?

ಸರ್ಜನ್ 'ಸರಿಯಾಗಿದೆ' ಅಂದರೆ ದಾರಿ ಮಾಡಿಕೊಟ್ಟಿದ್ದೇವೆ ಎಂದಷ್ಟೇ. ಹುಟ್ಟಿನಲ್ಲೇ ಅಲ್ಲಿನ ಸ್ನಾಯು, ನರಗಳು ಸರಿಯಾಗಿ ಬೆಳೆಯದಿದ್ದರೆ ಎಂಥ ಒಳ್ಳೆಯ ಆಪರೇಷನ್ ಆದರೂ ಪೂರ್ತಿ ಹಿಡಿತ ಸಿಗದೇ ಇರಬಹುದು. ಮಲಬದ್ಧತೆ, ಸೋರುವುದು ದೊಡ್ಡವರಾದ ಮೇಲೂ ಎಷ್ಟೋ ಜನರಿಗೆ ಉಳಿಯುತ್ತದೆ.

ಇನ್ನು ಯಾರೂ ಮಾತಾಡದ ವಿಷಯ. ಹೊಸದಾಗಿ ಮಾಡಿದ ದ್ವಾರ ಕಿರಿದಾಗದಿರಲಿ ಎಂದು ತಿಂಗಳುಗಟ್ಟಲೆ ಕಡ್ಡಿಯಂಥ ಸಾಧನ ಹಾಕಿ ಹಿಗ್ಗಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನೇ ಅದನ್ನು ಮಾಡಬೇಕು. ಮಗು ಅಳುತ್ತದೆ, ಅವರು ಒತ್ತಿ ಹಿಡಿಯುತ್ತಾರೆ. ತಪ್ಪು ಯಾರದೂ ಅಲ್ಲ. ಆದರೆ ಮೈ ಅದನ್ನು ಮರೆಯುವುದಿಲ್ಲ. ಈಗಲೂ ಡಾಕ್ಟರ್ ಗ್ಲೌಸ್ ಎಳೆದುಕೊಂಡು ಅದರ ಅಂಚು ಪಟ್ ಅಂದರೆ ಸಾಕು, ನನ್ನ ತೊಡೆಗಳು ತಾವಾಗಿಯೇ ಬಿಗಿಯುತ್ತವೆ. ಎಳೆಗೂಸುಗಳಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ ಎಂದು 1980ರ ದಶಕದವರೆಗೂ ಎಷ್ಟೋ ಕಡೆ ಸರಿಯಾದ ಅರಿವಳಿಕೆ ಕೊಡದೆ ಆಪರೇಷನ್ ಮಾಡುತ್ತಿದ್ದರು. 1987ರಲ್ಲಿ ಡಾ. ಕೆ.ಜೆ.ಎಸ್. ಆನಂದ್ ಮತ್ತು ಜೊತೆಗಾರರ ಸಂಶೋಧನೆ ಬಂದ ಮೇಲೆ ಆ ನಂಬಿಕೆ ಅಲುಗಾಡಿತು. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಇವತ್ತಿಗೂ ಬರುತ್ತದೆ.

ಇದರ ಮೇಲೆ ದಿನನಿತ್ಯದ ಭಯ. ಎಲ್ಲಿ ಹೋದರೂ ಮೊದಲು ಕಣ್ಣು ಟಾಯ್ಲೆಟ್ ಹುಡುಕುತ್ತದೆ. ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಗಾಬರಿಯಾದಾಗ ದೊಡ್ಡ ಕರುಳಿನ ಚಲನೆ ಜೋರಾಗುತ್ತದೆ, ಸೋರುತ್ತದೆ, ಮುಂದಿನ ಸಲ ಗಾಬರಿ ಇನ್ನೂ ಜಾಸ್ತಿ. ಹಾಗಾಗಿ ಸುಮ್ನೆ 'ಧೈರ್ಯ ತಂದುಕೋ' ಅಂದರೆ ಏನೂ ಪ್ರಯೋಜನವಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಕರುಳಿಗೊಂದು ವ್ಯವಸ್ಥೆ ಮಾಡಿಕೊಳ್ಳಿ. ನಿಮಗೆ ಹೊಂದುವ ಎನಿಮಾ ಯಾವುದೆಂದು ಡಾಕ್ಟರ್ ಜೊತೆ ಗೊತ್ತುಮಾಡಿಕೊಂಡು ದಿನಾ ಒಂದೇ ಹೊತ್ತಿಗೆ ಹಾಕಿಕೊಂಡರೆ ಎಷ್ಟೋ ಜನ ಮರುದಿನದವರೆಗೆ ಸೋರದೆ ನಿಶ್ಚಿಂತೆಯಾಗಿ ಇರುತ್ತಾರೆ. ಅಪೆಂಡಿಕ್ಸನ್ನೇ ಹೊಟ್ಟೆಯ ಚರ್ಮಕ್ಕೆ ಜೋಡಿಸಿ ಮೇಲಿನಿಂದ ಎನಿಮಾ ಕೊಡುವ ಮ್ಯಾಲೋನ್ ವಿಧಾನವೂ 1990ರಿಂದ ಇದೆ. ಮಲ ಮೂತ್ರ ಹಿಡಿದಿಡುವ ಸ್ನಾಯುಗಳಿಗೆ ವ್ಯಾಯಾಮ ಕಲಿಸುವ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಯಿಂದ ಕೆಲವರಿಗೆ ಅನುಕೂಲ ಆಗುತ್ತದೆ. ಹಳೆಯ ಆಪರೇಷನ್ ದಾಖಲೆಗಳನ್ನು ಆಸ್ಪತ್ರೆಯಿಂದ ಕೇಳಿ ತೆಗೆದುಕೊಳ್ಳಿ. ದೊಡ್ಡವರ ಡಾಕ್ಟರ್‌ಗಳಲ್ಲಿ ಹಲವರು ನಮ್ಮಂಥವರನ್ನು ನೋಡಿರುವುದೇ ಕಡಿಮೆ, ಆ ಕಾಗದ ಇಲ್ಲದಿದ್ದರೆ ಮೊದಲಿನಿಂದ ಕತೆ ಹೇಳುತ್ತಾ ಕೂರಬೇಕಾಗುತ್ತದೆ. ತಪಾಸಣೆಗೆ ಮುಂಚೆಯೇ 'ನಾನು ನಿಲ್ಲಿಸಿ ಅಂದರೆ ನಿಲ್ಲಿಸಬೇಕು' ಎಂದು ಹೇಳಿ. ಚಿಕ್ಕಂದಿನಲ್ಲಿ ನಮಗೆ ಇಲ್ಲದಿದ್ದ ಹಕ್ಕು ಅದು.

ಜೊತೆಜೊತೆಗೇ ಸೈಕಾಲಜಿಸ್ಟ್ ಹತ್ತಿರ ಹೋಗಿ, ಆಸ್ಪತ್ರೆಯ ನೋವಿನ ಕತೆಯನ್ನೂ ಹೇಳಿ. ಬರೀ ಆತಂಕ ಅಂದರೆ ಅವರಿಗೆ ಮೂಲ ಗೊತ್ತಾಗಲ್ಲ. ಅದು ಆಘಾತದ ನಂತರದ ತೊಂದರೆ ಎಂದು ಅವರಿಗೆ ಕಂಡುಬಂದರೆ, ಆಘಾತವನ್ನೇ ಗಮನದಲ್ಲಿಟ್ಟು ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ, ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಹಳೆಯ ನೋವಿನ ನೆನಪನ್ನು ಹಗುರ ಮಾಡುವ ಇಎಂಡಿಆರ್ ಎಂಬ ಚಿಕಿತ್ಸೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇವೆರಡನ್ನೂ ಶಿಫಾರಸು ಮಾಡಿದೆ. ಖಿನ್ನತೆ ಜೋರಾಗಿದ್ದರೆ ಮಾತ್ರೆ ತೆಗೆದುಕೊಳ್ಳಲು ಹಿಂಜರಿಯಬೇಡಿ. ಆದರೆ ಕೆಲವು ಮಾತ್ರೆಗಳು ಮಲಬದ್ಧತೆ ತರುತ್ತವೆ, ಕೆಲವು ಭೇದಿ ಮಾಡಿಸುತ್ತವೆ. ಕರುಳಿನ ವಿಷಯ ಹೇಳಿಯೇ ಬರೆಸಿಕೊಳ್ಳಿ. ಸಾಯಬೇಕು ಅನ್ನಿಸುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ, ಇವತ್ತೇ ಡಾಕ್ಟರ್ ನೋಡಿ.

ಸಂಗಾತಿಗೆ ಹೇಳುವುದು ಹೇಗೆ ಎಂದೂ ಕೇಳಿದ್ದೀರಿ. ಮೊದಲ ದಿನವೇ ಹೇಳಬೇಕಾಗಿಲ್ಲ. ಮೈ ಹತ್ತಿರವಾಗುವ ಗಳಿಗೆಯವರೆಗೂ ಕಾಯಬೇಡಿ. 'ಹುಟ್ಟಿನಿಂದ ಕರುಳಿನ ತೊಂದರೆ ಇತ್ತು, ಆಪರೇಷನ್ ಆಗಿದೆ, ದಿನಾ ಬಾತ್‌ರೂಮಲ್ಲಿ ಸ್ವಲ್ಪ ಹೊತ್ತು ಬೇಕು' ಅಂದರೆ ಸಾಕು, ಉಳಿದದ್ದು ಅವರು ಕೇಳಿದ ಹಾಗೆ ಹೇಳಬಹುದು. ಲೈಂಗಿಕ ವಿಷಯದಲ್ಲೋ ಮಕ್ಕಳಾಗುವ ವಿಷಯದಲ್ಲೋ ಅನುಮಾನ ಇದ್ದರೆ ಮೂತ್ರರೋಗ ತಜ್ಞರನ್ನು ಅಥವಾ ಸ್ತ್ರೀರೋಗ ತಜ್ಞರನ್ನು ಈಗಲೇ ನೇರವಾಗಿ ಕೇಳಿ. ಮಕ್ಕಳ ಸರ್ಜನ್‌ಗಳು ಎಷ್ಟೋ ಸಲ ಆ ಮಾತು ಎತ್ತಿಯೇ ಇರುವುದಿಲ್ಲ.