ಓದುಗರ ಪ್ರಶ್ನೆ: ಕರ್ನಾಟಕ ಸಂಗೀತದಿಂದ ಜಾಝ್ ಗಾಯನಕ್ಕೆ

ಪ್ರಶ್ನೆ: ಕರ್ನಾಟಕ ಸಂಗೀತ ಕಲಿತಿದ್ದೇನೆ, ಈಗ ಜಾಝ್ ಹಾಡುವಾಸೆ. ಪಿಯಾನೊ ಜತೆ ಹಾಡಿದರೆ ಮೇಲಿನ ಸ್ವರಗಳಲ್ಲಿ ಗಂಟಲು ಬಿಗಿಯುತ್ತದೆ, ತಾಳವೂ ಕೈಕೊಡುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಜಯನಗರ

ಉತ್ತರ: ಪುಸ್ತಕದಲ್ಲಿ ಅಚ್ಚಾದ ಶ್ರುತಿಯಲ್ಲೇ ಹಾಡಬೇಕೆಂದಿಲ್ಲ. ಹಾಡಿನ ಅತಿ ಎತ್ತರದ ಸ್ವರ ಆರಾಮಾಗಿ ಬರುವಷ್ಟು ಶ್ರುತಿ ಇಳಿಸಿ, ಪಿಯಾನೊದವರಿಗೆ ಮೊದಲೇ ತಿಳಿಸಿ.

ತಾಳದ ತೊಡಕು ನಿಜಕ್ಕೂ ದೊಡ್ಡದು. ನಿಮಗೆ ಸಮದ (ತಾಳದ ಮೊದಲ ಎಣಿಕೆಯ) ಮೇಲೆ ಒತ್ತು ಕೊಟ್ಟು ರೂಢಿ; ಜಾಝ್‌ನ ಸ್ವಿಂಗ್ ಲಯದಲ್ಲಿ ನಾಲ್ಕು ಎಣಿಕೆಗಳ ಪೈಕಿ ಒತ್ತು 2 ಮತ್ತು 4ನೇ ಎಣಿಕೆಗೆ. ಮೆಟ್ರೊನೋಮ್ (ಸಮ ಅಂತರದಲ್ಲಿ ಸದ್ದು ಮಾಡುವ ಸಾಧನ) ನಿಮಿಷಕ್ಕೆ 60 ಸದ್ದಿಗಿಡಿ. ಅದರ ಪ್ರತಿ ಸದ್ದನ್ನೂ ‘2’, ‘4’ ಎಂದೇ ಎಣಿಸುತ್ತ 12 ಬಾರ್‌ನ (ಬಾರ್ ಎಂದರೆ ಇಲ್ಲಿ ನಾಲ್ಕೆಣಿಕೆಯ ಒಂದು ಆವರ್ತ) ಬ್ಲೂಸ್ ಹಾಡಿ. ಪ್ರತಿ ಸದ್ದಿಗೆ ಎರಡು ಎಣಿಕೆಯಾದ್ದರಿಂದ ಆಗ ನಿಜವಾದ ವೇಗ ನಿಮಿಷಕ್ಕೆ 120 ಎಣಿಕೆ. ಮೊದಮೊದಲು ಸದ್ದು ಜಾರಿ 1ಕ್ಕೆ ಬಂದುಬಿಡುತ್ತದೆ. ನಿಲ್ಲಿಸಿ, ಮತ್ತೆ ಎಣಿಸಿ.

ದೀರ್ಘ ಸ್ವರಗಳಲ್ಲಿ ಗಮಕ (ಸ್ವರವನ್ನು ಅಲುಗಿಸುವುದು) ಬೇಡ, ಪಿಯಾನೊದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಜತೆ ತಿಕ್ಕಾಡುತ್ತದೆ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಬ್ರೂಪಬ್‌ನಲ್ಲಿ ಜಾಝ್ ಕೇಳಲು ಹೋದರೆ ಡ್ರಮ್ಮರ್ ಕಾಲಿನಿಂದ ಮುಚ್ಚುವ ಹೈ-ಹ್ಯಾಟ್‌ಗೆ (ಜೋಡಿ ಲೋಹದ ತಟ್ಟೆಗೆ) ಕಿವಿಗೊಡಿ: 2, 4 ಅಲ್ಲೇ ಸಿಗುತ್ತದೆ.