ಒದೆಯುವ ಕಾಲಿಗಿಂತ ನಿಂತ ಕಾಲು ನೋಡಿ

ಓದುಗರ ಪತ್ರ: “ನನಗೆ 43 ವರ್ಷ, ತೂಕ 70 ಕೆ.ಜಿ. ದಿನವಿಡೀ ಕೂತು ಮಾಡುವ ಕೆಲಸ. ಮನೆ ಹತ್ತಿರ ಕಾರ್ಡಿಯೋ ಕಿಕ್‌ಬಾಕ್ಸಿಂಗ್ ಕ್ಲಾಸ್ ಶುರುವಾಗಿದೆ. ಗಂಟೆಗೆ 800 ಕ್ಯಾಲೊರಿ ಕರಗುತ್ತದೆ ಎಂದು ಬೋರ್ಡ್ ಹಾಕಿದ್ದಾರೆ. ಪಿಯುಸಿ ಓದುವ ಮಗಳು ‘ಬಾಮ್ಮ, ಇಬ್ಬರೂ ಸೇರೋಣ’ ಅಂತಾಳೆ. ಅತ್ತೆ ‘ಈ ವಯಸ್ಸಲ್ಲಿ ಯಾರನ್ನ ಒದೀಬೇಕಾಗಿದೆ, ವಾಕಿಂಗ್ ಸಾಲದಾ?’ ಅಂತಾರೆ. ನೆಲದಿಂದ ಏಳುವಾಗ ಮಂಡಿ ಕಟಕಟ ಅನ್ನುತ್ತದೆ. ನೋವೇನಿಲ್ಲ. ನನ್ನಂಥವರು ಸೇರಬಹುದಾ? ಆತ್ಮರಕ್ಷಣೆಗೂ ಆಗುತ್ತದಾ?” – ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಅತ್ತೆಯವರ ಪ್ರಶ್ನೆ ಓದಿ ನಕ್ಕೆ. ಆದರೆ ಕೇಳಬೇಕಾದ ಪ್ರಶ್ನೆಯೇ ಅದು. ಯಾರನ್ನೂ ಒದೆಯಬೇಕಿಲ್ಲ ಎಂದು ಅವರಿಗೆ ಹೇಳಿ. ಈ ಕ್ಲಾಸಿನಲ್ಲಿ ಎದುರಾಳಿಯೇ ಇರುವುದಿಲ್ಲ. ಹಾಡು ಹಾಕಿರುತ್ತಾರೆ. ಸಾಲಾಗಿ ನಿಂತು ಗಾಳಿಗೆ ಗುದ್ದುತ್ತೀರಿ, ಗಾಳಿಗೆ ಒದೆಯುತ್ತೀರಿ. ಕೆಲವು ಕಡೆ ನೇತುಹಾಕಿದ ಚೀಲ ಇರುತ್ತದೆ, ಅಷ್ಟೇ. ಕಿಕ್‌ಬಾಕ್ಸಿಂಗ್ ಎಂಬ ಹೊಡೆದಾಟದ ಆಟ ಜಪಾನಿನಲ್ಲಿ 1960ರ ದಶಕದಲ್ಲಿ ಕರಾಟೆ ಮತ್ತು ಥಾಯ್ಲೆಂಡಿನ ಮುವಾಯ್ ಥಾಯ್ ಬೆರೆತು ರೂಪುಗೊಂಡಿತು. ಅದರ ಹೊಡೆತಗಳನ್ನು ಸಂಗೀತಕ್ಕೆ ಹೊಂದಿಸಿ ಮನೆಮನೆಗೆ ತಲುಪಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಕರಾಟೆ ಪಟು ಬಿಲ್ಲಿ ಬ್ಲ್ಯಾಂಕ್ಸ್ ಅವರದು. ಕೊರಿಯಾದ ಕಾದಾಟದ ಕಲೆ ಟೇಕ್ವಾಂಡೋದಿಂದ ಅರ್ಧ, ಬಾಕ್ಸಿಂಗ್‌ನಿಂದ ಅರ್ಧ ತೆಗೆದುಕೊಂಡು ‘ಟೇ ಬೋ’ ಎಂದು ಹೆಸರಿಟ್ಟರು. 1990ರ ದಶಕದಲ್ಲಿ ಅದರ ವಿಡಿಯೊ ಕ್ಯಾಸೆಟ್‌ಗಳು ಭರ್ಜರಿಯಾಗಿ ಮಾರಾಟವಾದವು. ಕೊಂಡವರಲ್ಲಿ ಹೆಚ್ಚಿನವರು ಯಾರಿಗೂ ಒಂದೇಟೂ ಹಾಕದೆ ಬೆವರಿಳಿಸಿದರು.

ಆ 800 ಕ್ಯಾಲೊರಿ ಬೋರ್ಡನ್ನು ನಂಬಬೇಡಿ. ನಿಮ್ಮ ತೂಕದವರು ಗಂಟೆಗೆ 800 ಕ್ಯಾಲೊರಿ ಕರಗಿಸಬೇಕಾದರೆ, ಗಂಟೆಗೆ 11 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಿಲ್ಲದೆ ಓಡಬೇಕು. ಇಂಥ ಕ್ಲಾಸಿನಲ್ಲಿ ಸುಮಾರು 400ರಿಂದ 500 ಆದೀತು. ಹೊಸಬರು ನಡುನಡುವೆ ನಿಂತು ನೀರು ಕುಡಿಯುತ್ತೇವೆ, ಹೆಜ್ಜೆ ತಪ್ಪಿ ಪಕ್ಕದವರನ್ನು ನೋಡುತ್ತೇವೆ. ಹಾಗಾಗಿ ಇನ್ನೂ ಕಡಿಮೆ. ಅದೇ ಒಂದು ಗಂಟೆ ಚುರುಕಾಗಿ ನಡೆದರೆ 300ರ ಆಸುಪಾಸು. ಹೆಚ್ಚು ಸಿಗುತ್ತದೆ, ನಿಜ. ಆದರೆ ವಾಪಸ್ ಬರುವಾಗ ಒಂದು ಬೆಣ್ಣೆ ದೋಸೆ ತಿಂದರೆ ಆ ಲಾಭ ಮುಗಿಯಿತು. ನೀವಿರುವ ಊರಿನಲ್ಲಿ ಅದು ಸಣ್ಣ ಅಪಾಯವಲ್ಲ!

ಹಾಗಾದರೆ ಯಾಕೆ ಹೋಗಬೇಕು? ಮೊದಲನೆಯದು ಎದೆಬಡಿತ. ವಾಕಿಂಗ್ ಹೋಗುವಾಗ ನಾವು ಮಾತಾಡಿಕೊಂಡೇ ಹೋಗುತ್ತೇವೆ ಅಲ್ವಾ? ಇಲ್ಲಿ ಎರಡು ನಿಮಿಷ ಗುದ್ದಿ ಒದ್ದ ಮೇಲೆ ಮೂರ್ನಾಲ್ಕು ಪದ ಆಡುವಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕು. ಗಟ್ಟಿ ವ್ಯಾಯಾಮಕ್ಕೆ ಅದೇ ಗುರುತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಬೇಕು ಎನ್ನುತ್ತದೆ. ಗಟ್ಟಿ ವ್ಯಾಯಾಮವಾದರೆ ಅದರ ಅರ್ಧ, ಅಂದರೆ 75ರಿಂದ 150 ನಿಮಿಷ ಸಾಕು. ವಾರಕ್ಕೆ ಎರಡು ಕ್ಲಾಸ್ ಹೋದರೂ ದೊಡ್ಡ ಪಾಲು ಮುಗಿದಂತೆ.

ಎರಡನೆಯದನ್ನು ಯಾವ ಬೋರ್ಡಿನಲ್ಲೂ ಬರೆಯುವುದಿಲ್ಲ. ಒದೆಯುವಾಗ ಪ್ರತಿ ಸಲ ಒಂದೇ ಕಾಲಿನ ಮೇಲೆ ನಿಲ್ಲುತ್ತೀರಿ. ಒಂದು ಕ್ಲಾಸಿನಲ್ಲಿ ಎಷ್ಟು ಸಲವೋ ಲೆಕ್ಕವಿಲ್ಲ. ವಯಸ್ಸಾದಂತೆ ನಾವು ಕಳೆದುಕೊಳ್ಳುವುದು ಈ ಸಮತೋಲನ ಹಿಡಿದು ನಿಲ್ಲುವ ಶಕ್ತಿಯನ್ನೇ. ಒದ್ದೆ ಬಚ್ಚಲಲ್ಲಿ ಜಾರಿದಾಗ ಸಾವರಿಸಿಕೊಳ್ಳಲು ಬೇಕಾಗುವುದೂ ಅದೇ. ವಾಕಿಂಗ್‌ನಲ್ಲಿ ಇದು ಇಷ್ಟೊಂದು ಸಿಗುವುದಿಲ್ಲ. ಅತ್ತೆಯವರಿಗೆ ಇದನ್ನು ಖಂಡಿತ ಹೇಳಿ.

ಇನ್ನು ಮಂಡಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನೋವಿಲ್ಲದ, ಊತವಿಲ್ಲದ ಕಟಕಟ ಸದ್ದಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತೆ ಆದರೆ, ಮೆಟ್ಟಿಲು ಇಳಿಯುವಾಗ ನೋವು ಬಂದರೆ ಮೊದಲು ಮೂಳೆ ಡಾಕ್ಟರ್, ಆಮೇಲೆ ಕ್ಲಾಸ್. ನಾನು 46ನೇ ವಯಸ್ಸಿನಲ್ಲಿ ಇಂಥ ಒಂದು ಕ್ಲಾಸಿಗೆ ಸೇರಿದ್ದೆ. ಕಲಿಸುವ ಹುಡುಗ ‘ಇನ್ನೂ ಮೇಲೆ, ಇನ್ನೂ ಮೇಲೆ’ ಎಂದು ಕೂಗುತ್ತಿದ್ದ. ನಾನೂ ಹುರುಪಿನಲ್ಲಿ ಬಲಗಾಲನ್ನು ಬೀಸಿ ಎತ್ತಿದೆ. ಕಾಲು ಹೋಯಿತು, ಸೊಂಟವೂ ತಿರುಗಿತು. ನೆಲಕ್ಕೆ ಊರಿದ್ದ ಎಡಪಾದ ಮಾತ್ರ ಶೂ ಸಮೇತ ಅಲ್ಲೇ ಕಚ್ಚಿಕೊಂಡಿತ್ತು. ಮೂರು ವಾರ ಎಡ ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಬಂದೆ.

ಆಗ ತಿಳಿದದ್ದು ಇಷ್ಟು. ಸೊಂಟದ ಕೀಲು ಬೀಸುಕಲ್ಲಿನ ಹಾಗೆ ಸುತ್ತಬಲ್ಲದು. ಮಂಡಿ ಬಾಗಿಲ ಕೀಲಿನ ಹಾಗೆ. ಮಡಚುತ್ತದೆ, ಬಿಚ್ಚುತ್ತದೆ, ತಿರುಚಿದರೆ ತಡೆಯುವುದಿಲ್ಲ. ಬೀಸಿ ಒದೆಯುವ ರೌಂಡ್‌ಹೌಸ್ ಕಿಕ್‌ನಲ್ಲಿ ನಿಂತ ಕಾಲಿನ ಹಿಮ್ಮಡಿ ತುಸು ಎದ್ದು, ಎದುರಿನ ಕಡೆಗೆ ತಿರುಗಬೇಕು. ಬೆರಳ ಬುಡದ ಮೇಲೆ ಪಾದ ಸುತ್ತಬೇಕು. ಸುತ್ತದಿದ್ದರೆ ತಿರುಚೆಲ್ಲ ಮಂಡಿಗೆ ಬೀಳುತ್ತದೆ. ಓಟದ ಶೂಗಳ ತಳ ನೆಲವನ್ನು ಹಿಡಿಯುತ್ತದೆ, ಅದು ಇಲ್ಲಿ ಬೇಡ. ನಯವಾದ ಚಪ್ಪಟೆ ತಳದ ಶೂ ಇರಲಿ. ಮ್ಯಾಟ್ ಇದ್ದರೆ ಬರಿಗಾಲೇ ಸಾಕು. ಮೊದಲ ತಿಂಗಳು ಸೊಂಟದೆತ್ತರಕ್ಕೂ ಒದೆಯಬೇಡಿ. ನಿಮ್ಮ ತೊಡೆಯಷ್ಟು ಎತ್ತರ ಸಾಕು. ಗಾಳಿಗೆ ಒದೆಯುವಾಗ ಮಂಡಿಯನ್ನೂ ಗುದ್ದುವಾಗ ಮೊಣಕೈಯನ್ನೂ ಪೂರ್ತಿ ಚಾಚಿ ಝಾಡಿಸಬೇಡಿ. ಗಾಳಿಯಲ್ಲಿ ಹೊಡೆತ ತಡೆಯುವಂಥದ್ದು ಏನೂ ಇಲ್ಲ, ಆ ಜೋರನ್ನೆಲ್ಲ ಕೀಲೇ ತಡೆಯಬೇಕಾಗುತ್ತದೆ. ಕೆಲವರು ಡಂಬಲ್ಸ್ ಹಿಡಿದು ಗುದ್ದಿಸುತ್ತಾರೆ. ಸುಮ್ನೆ ಕೆಳಗಿಟ್ಟುಬಿಡಿ.

ಚೀಲಕ್ಕೆ ಗುದ್ದುವುದಿದ್ದರೆ ಕೈಪಟ್ಟಿ, ಗ್ಲೌಸ್ ಎರಡೂ ಬೇಕು. ಹೆಬ್ಬೆರಳು ಮುಷ್ಟಿಯ ಹೊರಗಿರಲಿ, ಮಣಿಕಟ್ಟು ನೇರ ಇರಲಿ.

ಒಂದು ವಿಷಯ ನೀವು ಕೇಳಿಲ್ಲ, ಆದರೆ ಹೆಂಗಸರು ಕ್ಲಾಸ್ ಬಿಡುವುದಕ್ಕೆ ಅದೂ ಒಂದು ಕಾರಣ. ಹೆರಿಗೆಯಾದವರಲ್ಲಿ ಅನೇಕರಿಗೆ ಕುಣಿದು ಜಿಗಿಯುವಾಗ ಒಂದೆರಡು ಹನಿ ಮೂತ್ರ ಸೋರುತ್ತದೆ. ನಾಚಿಕೊಂಡು ಮನೆಯಲ್ಲಿ ಕೂರುತ್ತಾರೆ. ಕೆಳಹೊಟ್ಟೆಯ ತಳದ ಸ್ನಾಯುಗಳು ಸಡಿಲವಾದಾಗ ಹೀಗಾಗುತ್ತದೆ. ಅದಕ್ಕೆ ವ್ಯಾಯಾಮ ಇದೆ, ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಅಲ್ಲಿಯವರೆಗೆ ಜಿಗಿತದ ಬದಲು ಹೆಜ್ಜೆ ಹಾಕಿ. ಬಿಪಿ, ಹೃದಯದ ತೊಂದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಡಾಕ್ಟರನ್ನು ಕೇಳಿಯೇ ಸೇರಿ.

ಆತ್ಮರಕ್ಷಣೆ? ಇಲ್ಲ. ತಿರುಗಿ ಹೊಡೆಯುವವರ ಎದುರು ನಿಂತು ಅಭ್ಯಾಸ ಮಾಡದೆ ಅದು ಬರುವುದಿಲ್ಲ. ಹಾಡಿನ ತಾಳಕ್ಕೆ ಯಾರೂ ಮೇಲೆ ಬೀಳುವುದಿಲ್ಲ. ಆದರೆ ದಿನವಿಡೀ ತಲೆ ತಗ್ಗಿಸಿ ಕೂತು ಕೆಲಸ ಮಾಡಿದ ಮೇಲೆ ‘ಹಾ’ ಎಂದು ಉಸಿರು ಬಿಟ್ಟು ಮುಷ್ಟಿ ಬೀಸುವುದರಲ್ಲಿ ಒಂದು ಸುಖ ಇದೆ. ಮಂಡಿ ವಾಸಿಯಾದ ಮೇಲೆ ನಾನು ಮತ್ತೆ ಹೋದದ್ದು ಕ್ಯಾಲೊರಿಗಲ್ಲ, ಆ ಸುಖಕ್ಕೆ. ಕಲಿಸುವವರನ್ನು ಮಾತ್ರ ಬದಲಾಯಿಸಿದೆ.

ಸೇರುವ ಮುಂಚೆ ಒಂದು ಕ್ಲಾಸ್ ಸುಮ್ಮನೆ ಕೂತು ನೋಡಿ. ಹತ್ತು ನಿಮಿಷವಾದರೂ ಮೈ ಬಿಸಿ ಮಾಡಿಸುತ್ತಾರಾ, ಹೊಸಬರ ಪಾದ ನೋಡಿ ತಿದ್ದುತ್ತಾರಾ ಗಮನಿಸಿ. ಬರೀ ಕೂಗುವವರಾದರೆ ಬೇರೆ ಕಡೆ ಹುಡುಕಿ. ಶುರುವಿಗೆ ವಾರಕ್ಕೆ ಎರಡು ದಿನ ಸಾಕು. ಎರಡು, ಮೂರನೇ ದಿನ ತೊಡೆ ಭುಜ ಹಿಡಿದುಕೊಳ್ಳುತ್ತದೆ, ತಾನಾಗಿ ಇಳಿಯುತ್ತದೆ. ವಾಕಿಂಗ್ ಬಿಡಬೇಡಿ. ಅದನ್ನು ಅತ್ತೆಯವರ ಜೊತೆಯೇ ಮಾಡಿ. ಕ್ಲಾಸಿನಲ್ಲಿ ಮಗಳನ್ನು ಮುಂದಿನ ಸಾಲಿಗೆ ಕಳಿಸಿ, ನೀವು ಹಿಂದೆ ನಿಂತು ಅವಳ ಹಿಮ್ಮಡಿ ನೋಡಿ. ತಿರುಗದಿದ್ದರೆ ಅವಳಿಗೂ ಹೇಳಿ.