ಗ್ರೈಂಡರ್‌ಗೆ ಮರದ ಬ್ಲೇಡು: ಮತ್ತೆ ಅದೇ ಪ್ರಶ್ನೆ

ಈ ಸಲ ಓದುಗರಿಂದ ಮರಗೆಲಸದ ಬಗ್ಗೆ ಹನ್ನೆರಡು ಪ್ರಶ್ನೆ ಬಂದಿವೆ. ಅದರಲ್ಲಿ ಆರು ಒಂದೇ. ಹೋದ ಸಲವೂ ಇದೇ ಇತ್ತು, ಅದರ ಹಿಂದಿನ ಸಲವೂ ಇದೇ. ಎರಡು ಸಾಲಲ್ಲಿ ಹೇಳಿ ನೋಡಿದೆ, ಯಾರ ಕಿವಿಗೂ ಬೀಳಲಿಲ್ಲ. ಹಾಗಾಗಿ ಇವತ್ತು ಹೆಚ್ಚುಕಮ್ಮಿ ಜಾಗವೆಲ್ಲ ಇದಕ್ಕೇ. ಮಿಕ್ಕವರು ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ಕಬ್ಬಿಣ, ಕಲ್ಲು ಉಜ್ಜುವ ನಾಲ್ಕು ಇಂಚಿನ ಗ್ರೈಂಡರ್ (ಆಂಗಲ್ ಗ್ರೈಂಡರ್) ಇದೆ. ಮರ ಕೊಯ್ಯುವ ಬ್ಲೇಡ್ ಅಂಗಡಿಯಲ್ಲೇ ಸಿಗುತ್ತೆ. ಅದನ್ನೇ ಹಾಕಿ ಹಲಗೆ ಕೊಯ್ದರೆ ಸಾಕಲ್ವಾ, ಇನ್ನೊಂದು ಮಿಷನ್ ಯಾಕೆ? (ಬಂಗಾರಪೇಟೆ, ಚಿಂತಾಮಣಿ, ಕೋಲಾರದಿಂದಲೇ ಇಬ್ಬರು, ಊರು ಬರೆಯದವರು ಇಬ್ಬರು)

ಬೇಡ. ಹುಷಾರಾಗಿ ಮಾಡುತ್ತೇನೆ ಅಂದರೂ ಬೇಡ.

ಯೂಟ್ಯೂಬಲ್ಲಿ ಒಬ್ಬ ಹವಾಯಿ ಚಪ್ಪಲಿ ಹಾಕಿಕೊಂಡು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಗ್ರೈಂಡರಲ್ಲಿ ಸರ್ರನೆ ಕೊಯ್ದು ತೋರಿಸುತ್ತಾನೆ. ಅವನ ಹತ್ತೂ ಬೆರಳು ಕಾಣಿಸುತ್ತವೆ, ನಿಮಗೆ ಧೈರ್ಯ ಬರುತ್ತದೆ. ಬೆರಳು ಹೋದವನು ವಿಡಿಯೋ ಹಾಕಲ್ಲ ಸಾರ್.

ಸ್ಪೀಡ್ ಜಾಸ್ತಿ, ಅದಕ್ಕೇ ಅಪಾಯ ಅಂತ ಕೆಲವರು ಹೇಳುತ್ತಾರೆ. ಅದು ಅರ್ಧ ಮಾತು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಮರಕ್ಕೆ ಅಂತಲೇ ಮಾಡಿದ ಏಳೂಕಾಲು ಇಂಚಿನ ಸರ್ಕ್ಯುಲರ್ ಸಾ (ದುಂಡು ಗರಗಸದ ಮಿಷನ್) ಸುಮಾರು 5,000. ಆದರೆ ಅದರ ಬ್ಲೇಡ್ ದೊಡ್ಡದು. ಅಂಚಿನ ಹಲ್ಲು ಓಡುವ ವೇಗ ಲೆಕ್ಕ ಹಾಕಿದರೆ ಅಲ್ಲೂ ಗಂಟೆಗೆ 170 ಕಿಲೋಮೀಟರ್ ದಾಟುತ್ತದೆ. ಗ್ರೈಂಡರ್‌ಗೆ 110 ಮಿ.ಮೀ. ಬ್ಲೇಡ್ ಹಾಕಿದರೆ 225ರ ಆಸುಪಾಸು. ಬೆರಳಿಗೆ ಎರಡೂ ಒಂದೇ.

ತೊಂದರೆ ಇರುವುದು ಗ್ರೈಂಡರಿನ ಮೈಕಟ್ಟಿನಲ್ಲಿ. ಸರ್ಕ್ಯುಲರ್ ಸಾಗೆ ಅಗಲವಾದ ತಳದ ಪ್ಲೇಟು ಇದೆ, ಅದು ಹಲಗೆ ಮೇಲೆ ಕೂತಿರುತ್ತದೆ, ಬ್ಲೇಡ್ ಸುಲಭಕ್ಕೆ ವಾಲುವುದಿಲ್ಲ. ಬ್ಲೇಡಿಗೆ ಮರೆಯಾಗಿರುವ ಕೆಳಗಿನ ಗಾರ್ಡ್ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುತ್ತದೆ. ಸ್ವಿಚ್ಚಿಂದ ಬೆರಳು ತೆಗೆದರೆ ಕರೆಂಟು ಕಟ್. ಗ್ರೈಂಡರಲ್ಲಿ ಇದ್ಯಾವುದೂ ಇಲ್ಲ. ಗಾಳಿಯಲ್ಲಿ ಹಿಡಿದುಕೊಂಡು ಕೊಯ್ಯುತ್ತೀರಿ, ಕೈ ಒಂಚೂರು ವಾಲಿದರೆ ಬ್ಲೇಡ್ ಸೀಳಲ್ಲಿ ಕಚ್ಚಿಕೊಳ್ಳುತ್ತದೆ. ನಮ್ಮ ಕಡೆ ಸಿಗುವ ಎಷ್ಟೋ ಗ್ರೈಂಡರುಗಳಲ್ಲಿ ಸ್ವಿಚ್ಚು ಮುಂದಕ್ಕೆ ತಳ್ಳಿದರೆ ಅಲ್ಲೇ ಲಾಕ್. ಕೈಯಿಂದ ಜಾರಿದರೂ ಅದು ತಿರುಗುತ್ತಲೇ ಇರುತ್ತದೆ.

ಇನ್ನೊಂದು ಇದೆ, ಇದನ್ನು ಅಂಗಡಿಯವನು ಹೇಳುವುದಿಲ್ಲ. ಆ 110ರ ಬ್ಲೇಡ್ ಮಾಡಿರುವುದು ಮಾರ್ಬಲ್ ಕಟ್ಟರ್ (ಕಲ್ಲು, ಟೈಲ್ಸ್ ಕೊಯ್ಯುವ ಮಿಷನ್) ಅಳತೆಗೆ, ನಡುವಿನ ತೂತು 20 ಮಿ.ಮೀ. ನಿಮ್ಮ ನಾಲ್ಕು ಇಂಚಿನ ಗ್ರೈಂಡರಿನ ಡಿಸ್ಕಿಗೆ ಇರುವುದು 16 ಮಿ.ಮೀ. ತೂತು. ಸಡಿಲ ಆಗುತ್ತದೆ ಅಂತ ಅವನು ಒಂದು ರಿಂಗ್ ಕೊಡುತ್ತಾನೆ. ರಿಂಗ್ ಸರಿಯಾಗಿ ಕೂರದಿದ್ದರೆ ಬ್ಲೇಡ್ ನಡುವಿಂದ ಪಕ್ಕಕ್ಕೆ ಜರುಗಿ ಅದುರುತ್ತದೆ. ಸಾಲದ್ದಕ್ಕೆ ಆ ಬ್ಲೇಡು ಗ್ರೈಂಡರಿನ ಗಾರ್ಡ್ ಒಳಗೆ ಹಿಡಿಸಲ್ಲ. ಆಗ ಗಾರ್ಡೇ ಬಿಚ್ಚಿಡುತ್ತೀರಿ. ನಾನೂ ಬಿಚ್ಚಿಟ್ಟಿದ್ದೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಶ್ರೀನಿವಾಸಪುರದ ಕಡೆ ಹಳೇ ಮಾವಿನ ತೋಪು ಕಡಿದಿದ್ದರು, ಅಗ್ಗಕ್ಕೆ ಸಿಕ್ಕಿತು ಅಂತ ನಾಲ್ಕು ಹಲಗೆ ತಂದಿದ್ದೆ. ಹಸಿ ಇನ್ನೂ ಪೂರ್ತಿ ಆರಿರಲಿಲ್ಲ. ಎರಡು ಸ್ಟೂಲ್ ಮೇಲೆ ಒಂದನ್ನು ಅಡ್ಡ ಇಟ್ಟು ನಡುವೆ ಕೊಯ್ಯೋಕೆ ಶುರು ಮಾಡಿದೆ. ಮುಕ್ಕಾಲು ಕೊಯ್ದಾಗ ಹಲಗೆ ನಡುವೆ ಜಗ್ಗಿತು, ಸೀಳಿನ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯಿತು. ಆಮೇಲೆ ಆಗಿದ್ದು ನನಗೆ ಕಾಣಲೇ ಇಲ್ಲ. ಮಿಷನ್ ಒದ್ದು ಮೇಲೆದ್ದು ನನ್ನ ಎಡಗೈ ಹೆಬ್ಬೆರಳಿನ ಬುಡಕ್ಕೆ ಬಡಿದು ನೆಲಕ್ಕೆ ಬಿತ್ತು. ಬಿದ್ದ ಮೇಲೂ ಆಫ್ ಆಗಲಿಲ್ಲ, ಸಿಮೆಂಟ್ ನೆಲದ ಮೇಲೆ ಕಿರುಚಿಕೊಂಡು ಗಿರಗಿರ ಸುತ್ತಿ ತನ್ನ ವೈರನ್ನೇ ಅರ್ಧ ಕಡಿಯಿತು, ನನ್ನ ಹೆಂಡತಿ ಒಳಗಿಂದ ಓಡಿಬಂದು ಪ್ಲಗ್ ಕೀಳುವವರೆಗೆ. ಐದು ಹೊಲಿಗೆ. ಇವತ್ತಿಗೂ ಅಂಗಿಯ ಗುಂಡಿ ಹಾಕೋಕೆ ನನಗೆ ಬೇರೆಯವರ ಎರಡರಷ್ಟು ಹೊತ್ತು ಬೇಕು.

ಗಟ್ಟಿಯಾಗಿ ಹಿಡಿದಿದ್ದರೆ ತಡೆಯಬಹುದಿತ್ತು ಅನ್ನುತ್ತೀರಾ? 11,000 ಸುತ್ತು ಅಂದರೆ ಸೆಕೆಂಡಿಗೆ 183. ಮಿಷನ್ ಎಗರಿತು ಅಂತ ಗೊತ್ತಾಗಿ ಕೈ ಹಿಂದೆ ಬರೋಕೆ ಕಾಲು ಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳಿ. ನಲವತ್ತು ಹಲ್ಲಿನ ಬ್ಲೇಡಾದರೆ ಅಷ್ಟರಲ್ಲಿ 1,800 ಹಲ್ಲು ಹಾದುಹೋಗಿರುತ್ತದೆ. ಎಲ್ಲಿಂದ ತಡೆಯುತ್ತೀರಿ?

ಗ್ರೈಂಡರ್ ಕೆಟ್ಟ ಮಿಷನ್ ಅಂತಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ನೋಡಿ, ವಿಗ್ರಹ ಕೆತ್ತುವವರ ಕೈಯಲ್ಲಿ ಅದು ಎಷ್ಟು ಚೆಂದ ಮಾತು ಕೇಳುತ್ತದೆ. ಅವರು ಹಾಕುವ ಡಿಸ್ಕಿಗೆ ಗರಗಸದ ಹಲ್ಲಿಲ್ಲ. ಅದು ಕಲ್ಲನ್ನು ಉಜ್ಜುತ್ತದೆ, ಮರದ ಬ್ಲೇಡ್ ಹಾಗೆ ಕಚ್ಚಿ ಎಳೆಯಲ್ಲ. ನೀವೂ ಫ್ಲ್ಯಾಪ್ ಡಿಸ್ಕ್ (ಉಪ್ಪುಕಾಗದದ ಚೂರು ಜೋಡಿಸಿದ ಡಿಸ್ಕ್) ಹಾಕಿ, ಗಾರ್ಡ್ ಇಟ್ಟುಕೊಂಡು, ಮರದ ಅಂಚು ಉಜ್ಜಿ. ಅದಕ್ಕೆ ನನ್ನ ತಕರಾರಿಲ್ಲ.

ಹಲಗೆ ಕೊಯ್ಯೋಕೆ ಮೊದಲ ಮಿಷನ್ ಯಾವುದು ಅಂದರೆ ನಾನು ಜಿಗ್ ಸಾ ಅನ್ನುತ್ತೇನೆ. ನಿಧಾನ, ಗೆರೆ ಸ್ವಲ್ಪ ಸೊಟ್ಟ ಹೋಗುತ್ತದೆ, ಪ್ಲೈವುಡ್ಡಿನ ಮೇಲಿನ ಪದರ ಚಕ್ಕೆ ಏಳುತ್ತದೆ. ಆದರೆ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ, ಸಿಕ್ಕಿಕೊಂಡರೆ ಮಿಷನ್ ಕುಣಿಯುತ್ತದೆಯೇ ಹೊರತು ಎಗರಿ ಬಂದು ಮುಖಕ್ಕೆ ಬಡಿಯಲ್ಲ. ಆರು ತಿಂಗಳು ಅದರಲ್ಲಿ ಕೈ ಪಳಗಲಿ, ಆಮೇಲೆ ಸರ್ಕ್ಯುಲರ್ ಸಾ. ಆಗಲೂ ಹಲಗೆಯನ್ನು ನನ್ನ ಥರ ಎರಡು ತುದಿಗೆ ಮಾತ್ರ ಆನಿಸಬೇಡಿ. ಕೊಯ್ಯುವ ಗೆರೆಯ ಪಕ್ಕದಲ್ಲೇ ಎರಡೂ ಬದಿಗೆ ಆಧಾರ ಇರಲಿ, ಇಲ್ಲ ತುಂಡಾಗುವ ಭಾಗ ಹೊರಗೆ ಚಾಚಿರಲಿ. ಆಗ ಸೀಳು ಬಾಯಿ ಬಿಡುತ್ತದೆ, ಮುಚ್ಚಿಕೊಳ್ಳಲ್ಲ. ಬ್ಲೇಡ್ ಹಲಗೆಯಿಂದ ಕೆಳಗೆ ಒಂದು ಹಲ್ಲಿನಷ್ಟು ಇಳಿದರೆ ಸಾಕು. ಮತ್ತೆ ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಒಂದು ಪಕ್ಕಕ್ಕೆ ನಿಲ್ಲಿ.

ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡ್ ಹಾಕಬಹುದಾ? ಊರಲ್ಲಿ ಆಚಾರ್ರೆಲ್ಲ ಅದರಲ್ಲೇ ಮಾಡುತ್ತಾರಲ್ಲ?

ಮಾಡುತ್ತಾರೆ, ನಾನೂ ಮಾಡಿದ್ದೇನೆ. ತಳದ ಪ್ಲೇಟು ಇದೆ, ಹಾಗಾಗಿ ಗ್ರೈಂಡರಿಗಿಂತ ಎಷ್ಟೋ ವಾಸಿ. ಕೆಳಗಿನ ಗಾರ್ಡ್ ಇಲ್ಲ, ಬ್ಲೇಡ್ ನಿಲ್ಲುವವರೆಗೆ ಕೆಳಗಿಡಬೇಡಿ. ಆಚಾರ್ರು ಅದರಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುತ್ತಾರೆ, ನೀವು ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಎರಡು ಗಂಟೆ. ಅದನ್ನೇ ಬೋರಲು ಹಾಕಿ ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ಟೇಬಲ್ ಸಾ ಮಾಡಿಕೊಂಡ ಫೋಟೋ ಕಳಿಸಿದವರು ದಯವಿಟ್ಟು ಇವತ್ತೇ ಬಿಚ್ಚಿ.

ಗ್ಲೌಸ್ ಹಾಕಿಕೊಂಡರೆ ಸೇಫ್ ಅಲ್ವಾ?

ತಿರುಗುವ ಬ್ಲೇಡ್, ಡ್ರಿಲ್ ಹತ್ತಿರ ಬೇಡ. ನೂಲು ಸಿಕ್ಕಿಕೊಂಡರೆ ಕೈಯನ್ನೂ ಒಳಗೆ ಎಳೆಯುತ್ತದೆ. ಉದ್ದ ತೋಳು, ಜೋತಾಡುವ ಜನಿವಾರ, ಸರ, ವೇಲ್ ಎಲ್ಲಕ್ಕೂ ಇದೇ ಮಾತು.

ಕೆಲಸ ಆದಮೇಲೆ ಬೆಲ್ಲ ತಿಂದರೆ ಧೂಳು ಹೋಗುತ್ತೆ ಅಂತಾರೆ, ನಿಜವಾ?

ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಹಾಕಿದೆ. ಎನ್ 95 ಮಾಸ್ಕ್ ಹಾಕಿ. ಬೆಲ್ಲ ಬೇಕಾದರೆ ಕಡ್ಲೆಬೀಜದ ಜೊತೆ ತಿನ್ನಿ.

ವೈರಿಗೆ ಎರಡೇ ಪಿನ್ ಇದೆ, ಅರ್ತ್ ಇಲ್ಲ. ಡೂಪ್ಲಿಕೇಟಾ?

ಎರಡೇ ಪಿನ್ ಇದೆ ಅಂದ ಮಾತ್ರಕ್ಕೆ ಅಲ್ಲ. ಮಿಷನ್ ಮೇಲೆ ಚೌಕದೊಳಗೆ ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಡಬಲ್ ಇನ್ಸುಲೇಷನ್ (ಶಾಕ್ ತಡೆಯುವ ಎರಡು ಪದರ), ಅರ್ತ್ ಬೇಕಿಲ್ಲ.

ಯಾವ ಕಂಪನಿ ಒಳ್ಳೆಯದು?

ಕಾರ್ಬನ್ ಬ್ರಷ್ (ಮೋಟಾರಿನೊಳಗೆ ಸವೆಯುವ ಭಾಗ) ನಿಮ್ಮೂರಲ್ಲೇ ಸಿಗುವ ಕಂಪನಿ.

ಕೈ ಕೊಯ್ದುಕೊಂಡರೆ ತಕ್ಷಣಕ್ಕೆ ಕಾಫಿ ಪುಡಿ ಒತ್ತಬಹುದಾ?

ಕಾಫಿ ಪುಡಿ, ಸುಣ್ಣ, ಅರಿಶಿನ, ಫೆವಿಕ್ವಿಕ್ ಯಾವುದೂ ಬೇಡ. ಒಗೆದ ಬಟ್ಟೆಯಲ್ಲಿ ಒತ್ತಿ ಹಿಡಿದು, ಕೈ ಮೇಲೆತ್ತಿಕೊಂಡು ಆಸ್ಪತ್ರೆಗೆ ಹೋಗಿ. ನನ್ನ ಹತ್ತಿರ ಕಲಿಯೋಕೆ ಬರುತ್ತಿದ್ದ ಒಬ್ಬ ಹುಡುಗ ಬೆರಳಿನ ನರ ಕಡಿದುಕೊಂಡು ಯಾರೋ ನಾಟಿ ವೈದ್ಯನ ಹತ್ತಿರ ಸೊಪ್ಪು ಕಟ್ಟಿಸಿಕೊಂಡ. ನಾಲ್ಕನೇ ದಿನ ಬಿಚ್ಚಿದರೆ ಕೀವು. ಆ ಬೆರಳು ಈಗ ಮಡಚಲ್ಲ. ಬೆರಳೇ ತುಂಡಾದರೆ ಅದನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಲ್ಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು. 108ಕ್ಕೆ ಫೋನ್ ಮಾಡಿ, ಕವರ್ ಮರೆಯದೆ ಜೊತೆಗೆ ತೆಗೆದುಕೊಂಡು ಹೋಗಿ.